ಒಂದೇ ನರಕೋಶದ ಮಾತನ್ನು ಕೇಳುವ ಯಂತ್ರಗಳು

ನರಗಳು ತಂತಿಯ ವರ್ತಮಾನದಂತೆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆಂದು ಶರೀರಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಹೇಳುವ ವಾಡಿಕೆಯುಂಟು. ನಮ್ಮ ದೇಶದಲ್ಲಿ ತಂತಿ ಕಳುಹಿಸುವ ಪದ್ಧತಿಯು 2013ರಲ್ಲಿ ನಿಂತುಹೋದರೂ ಉಪಮಾನವು ಮಾತ್ರ ಉಳಿದುಕೊಂಡಿದೆ. ಈ ಮಾತನ್ನು ಕೇಳಿದ ಚುರುಕಾದ ಹುಡುಗಿಯು ಒಡನೆಯೇ ಕೇಳಬೇಕಾದ ಪ್ರಶ್ನೆಯೊಂದಿದೆ. ಆ ತಂತಿಯಲ್ಲಿ ಹರಿಯುವ ಸುದ್ದಿಯನ್ನು ಯಾರಾದರೂ ಓದಿರುವರೋ? ಓದಿದ್ದರೆ, ಲಕ್ಷಾಂತರ ತಂತಿಗಳು ಒಟ್ಟಿಗೆ ಹೆಣೆದುಕೊಂಡಿರುವಲ್ಲಿ ಇದು ಇಂತಹ ಒಂದೇ ತಂತಿಯ ಸುದ್ದಿಯೆಂದು ಅವರಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದವರ ಕಥೆಯೂ, ಅವರು ಕಟ್ಟಿದ ಯಂತ್ರಗಳ ಕಥೆಯೂ ಬಹು ಸ್ವಾರಸ್ಯವಾದವುಗಳು. ವಿಜ್ಞಾನವನ್ನು ಮುಂದೆ ಓದದೆ ಸಂಸಾರದ ಹೊಣೆಯನ್ನು ಹೊತ್ತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳು ಏನನ್ನು ಕಲಿಯುತ್ತಿರುವರೆಂದು ತಿಳಿಯಬಯಸುವ ತಾಯಿತಂದೆಗಳಿಗೂ ಅರ್ಥವಾಗುವಂತೆ ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಕಷ್ಟವೇನೆಂಬುದನ್ನು ತಿಳಿಯೋಣ. ಮನುಷ್ಯನ ಕಣ್ಣಿನಿಂದ ಮಿದುಳಿಗೆ ಹೋಗುವ ಒಂದೇ ನರದಲ್ಲಿ ಸುಮಾರು ಹತ್ತು ಲಕ್ಷ ಎಳೆಗಳಿವೆ. ಒಂದೊಂದೆಳೆಯೂ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದು. ಸುದ್ದಿಯು ಆ ಎಳೆಯಲ್ಲಿ ಒಂದು ವಿದ್ಯುತ್ತಿನ ಮಿಡಿತವಾಗಿ ಓಡುತ್ತದೆ. ಮಿಡಿತವು ಒಂದು ಸ್ಥಳದಲ್ಲಿ ಇರುವ ಕಾಲವು ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ನರಕೋಶದ ಒಳಕ್ಕೂ ಹೊರಕ್ಕೂ ನಡುವೆ ಅಳೆದರೆ ಅದರ ಬಲವು ಸುಮಾರು 100 ಮಿಲಿವೋಲ್ಟ್, ಎಂದರೆ ಒಂದು ವೋಲ್ಟಿನ ಹತ್ತನೆಯ ಒಂದು ಪಾಲು. ಆದರೆ ಕೋಶದ ಒಳಗೆ ಸೂಜಿಯನ್ನು ಚುಚ್ಚದೆ ಹೊರಗಿನಿಂದಲೇ ಆಲಿಸಿದರೆ ನಮಗೆ ದೊರೆಯುವುದು ಅದರ ಸಾವಿರದ ಒಂದು ಪಾಲು ಮಾತ್ರ. ಕೈದೀಪಕ್ಕೆ ಹಾಕುವ ಒಂದು ಸೆಲ್ಲಿನ ಬಲವನ್ನು ಹದಿನೈದು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ತೆಗೆದುಕೊಂಡರೆ ಎಷ್ಟೋ ಅಷ್ಟು. ಇದಲ್ಲದೆ ಅಕ್ಕಪಕ್ಕದ ಕೋಶಗಳೆಲ್ಲ ತಮ್ಮ ತಮ್ಮ ಮಾತನ್ನು ಅದೇ ವೇಳೆಗೆ ಆಡುತ್ತಿರುವವು. ಸಂತೆಯ ನಡುವೆ ನಿಂತು, ಕಣ್ಣು ಕಟ್ಟಿಕೊಂಡು, ಒಬ್ಬಾಕೆಯ ಪಿಸುಮಾತನ್ನು ಮಾತ್ರ ಕೇಳಬೇಕೆಂದು ಹಟಹಿಡಿದಂತೆ ಇದು.

ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಕೀತ್ ಲೂಕಸ್ ಎಂಬ ವಿದ್ವಾಂಸರು ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ಈ ಕೆಲಸವನ್ನು ಕೈಗೊಂಡಿದ್ದರು. ಅವರ ಬಳಿ ಇದ್ದ ಸಾಧನವು ಪಾದರಸದ ಒಂದು ಸಣ್ಣ ಗಾಜಿನ ನಳಿಗೆ. ಅದರಲ್ಲಿ ಪಾದರಸವು ನೀರು ಬೆರೆಸಿದ ಗಂಧಕಾಮ್ಲವನ್ನು ಸಂಧಿಸುವ ಅಂಚು ವಿದ್ಯುತ್ತು ತಗಲಿದೊಡನೆ ಸ್ವಲ್ಪ ಕದಲುವುದು. ಆ ಕದಲಿಕೆಯ ನೆರಳನ್ನು ಓಡುವ ಛಾಯಾಚಿತ್ರದ ಫಲಕದ ಮೇಲೆ ಹಿಡಿದು ಲೆಕ್ಕಹಾಕುತ್ತಿದ್ದರು. ಸ್ನಾಯುವಿನ ಒಂದು ಎಳೆಯು ಕುಗ್ಗಿದರೆ ಪೂರ್ಣವಾಗಿ ಕುಗ್ಗುವುದು, ಇಲ್ಲವಾದರೆ ಕುಗ್ಗುವುದೇ ಇಲ್ಲವೆಂದು ಲೂಕಸರು ತೋರಿಸಿದರು. ನರದ ಮಿಡಿತಕ್ಕೂ ಇದೇ ನಿಯಮವು ಸಲ್ಲುವುದೆಂದು ಅವರ ಶಿಷ್ಯರಾದ ಎಡ್ಗರ್ ಏಡ್ರಿಯನರು ನಂಬಿದರು. ಬಾಣದ ಬತ್ತಿಗೆ ಬೆಂಕಿಯನ್ನು ಸಣ್ಣ ಕಡ್ಡಿಯಿಂದ ತಗಲಿಸಿದರೂ ಕೊಳ್ಳಿಯಿಂದ ತಗಲಿಸಿದರೂ ಬತ್ತಿಯು ಒಂದೇ ರೀತಿಯಾಗಿ ಉರಿಯುವುದಷ್ಟೆ. ಆದರೆ ಇದನ್ನು ಕಣ್ಣಾರೆ ಕಾಣಬೇಕಾದರೆ ಒಂದೇ ಎಳೆಯ ಮಿಡಿತವನ್ನು ಹಿಡಿಯಬೇಕಾಗಿತ್ತು, ಪಾದರಸಕ್ಕೆ ಅಷ್ಟು ಸೂಕ್ಷ್ಮತೆಯಿರಲಿಲ್ಲ. ಲೂಕಸರು 1916ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು ತೀರಿಕೊಂಡರು. ಯುದ್ಧವು ಮುಗಿದ ಮೇಲೆ ಏಡ್ರಿಯನರು ಗುರುಗಳ ಪ್ರಯೋಗಶಾಲೆಗೆ ಹಿಂದಿರುಗಿ, ನಿಂತುಹೋದ ಕೆಲಸವನ್ನು ಮುಂದುವರಿಸಿದರು.

ಆ ಯುದ್ಧವು ಅವರಿಗೆ ಒಂದು ಹೊಸ ಸಾಧನವನ್ನು ಒದಗಿಸಿತ್ತು. ಅದು ರೇಡಿಯೋದ ವಾಲ್ವ್. ಗಾಜಿನ ಬುರುಡೆಯ ಒಳಗೆ ಕಾದ ತಂತಿಯಿಂದ ಹೊರಡುವ ಎಲೆಕ್ಟ್ರಾನುಗಳ ಹರಿವನ್ನು ಒಂದು ಸಣ್ಣ ಜಾಲರಿಯು ತಡೆಯುವುದು ಅಥವಾ ಬಿಡುವುದು. ಜಾಲರಿಗೆ ಕೊಟ್ಟ ಅಲ್ಪ ಬಲವು ಆಚೆಯ ಹರಿವನ್ನು ಬಹುವಾಗಿ ಬದಲಿಸುವುದರಿಂದ, ಕೆರೆಯ ತೂಬನ್ನು ಮಗುವೊಂದು ಎತ್ತಿಳಿಸಿ ಇಡೀ ಗದ್ದೆಗೆ ನೀರು ಹರಿಸಿದಂತೆ, ಸಣ್ಣ ಸಂಜ್ಞೆಯು ದೊಡ್ಡದಾಗಿ ಹೊರಬೀಳುವುದು. ಅಮೆರಿಕದಲ್ಲಿ ಗ್ಯಾಸರ್ ಮುಂತಾದವರು ಇಂತಹ ವಾಲ್ವುಗಳನ್ನು ನರದ ಅಭ್ಯಾಸಕ್ಕೆ ಬಳಸಿದ್ದರು. ಏಡ್ರಿಯನರು ಮೂರು ವಾಲ್ವುಗಳನ್ನು ಒಂದರ ಹಿಂದೆ ಒಂದನ್ನು ಜೋಡಿಸಿ, ಸಂಜ್ಞೆಯನ್ನು ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿಸಿ, ಬಳಿಕ ಅದೇ ಹಳೆಯ ಪಾದರಸದ ನಳಿಗೆಗೆ ಕಳುಹಿಸಿದರು.

ಆದರೆ ಹಿಗ್ಗಿಸುವುದು ಬೇರೆ, ಬೇರ್ಪಡಿಸುವುದು ಬೇರೆ. ಸಂತೆಯ ಗದ್ದಲವನ್ನು ದೊಡ್ಡದು ಮಾಡಿದರೆ ಗದ್ದಲವೇ ದೊಡ್ಡದಾಗುವುದಲ್ಲದೆ ಒಬ್ಬಾಕೆಯ ಮಾತು ಸ್ಪಷ್ಟವಾಗದು. ಇಲ್ಲಿ ಏಡ್ರಿಯನರೂ ಸ್ವೀಡನ್ ದೇಶದಿಂದ ಬಂದ ಇಂಗ್ವೆ ಝಾಟರ್ಮನ್ನರೂ 1926ರಲ್ಲಿ ಪ್ರಕಟಿಸಿದ ಪ್ರಯೋಗವು ಯಂತ್ರಕ್ಕಿಂತ ಕೈಚಳಕವನ್ನೇ ಹೆಚ್ಚಾಗಿ ನೆಚ್ಚಿತ್ತು. ಕಪ್ಪೆಯ ಎದೆಯ ಹತ್ತಿರದ ಒಂದು ಚಿಕ್ಕ ಸ್ನಾಯುವಿನಲ್ಲಿ ಎಳೆತವನ್ನು ಅರಿಯುವ ಅಂಗಗಳು ಕೆಲವೇ ಇವೆ. ಅವರು ಆ ಸ್ನಾಯುವಿನಿಂದ ಒಂದೊಂದೇ ಪಟ್ಟಿಯನ್ನು ಕೊಯ್ದು ತೆಗೆಯುತ್ತ ಹೋದರು. ಪ್ರತಿ ಸಲವೂ ನರದಲ್ಲಿನ ಮಿಡಿತಗಳ ಗುಂಪು ತೆಳ್ಳಗಾಗುತ್ತ ಬಂದು, ಕಡೆಗೆ ಒಂದೇ ಅಂಗವು ಉಳಿದಾಗ, ಒಂದೇ ಗಾತ್ರದ ಮಿಡಿತಗಳು ಸಮನಾದ ಅಂತರದಲ್ಲಿ ಸಾಲಾಗಿ ಕಾಣಿಸಿಕೊಂಡವು. ಸ್ನಾಯುವಿಗೆ ತೂಗುಬಿಟ್ಟ ಭಾರವನ್ನು ಹೆಚ್ಚಿಸಿದರೆ ಮಿಡಿತವು ದೊಡ್ಡದಾಗಲಿಲ್ಲ. ಒಂದರ ಹಿಂದೆ ಒಂದು ಹೆಚ್ಚು ಬೇಗ ಬರತೊಡಗಿತು. ಭಾರವನ್ನು ಹಾಗೆಯೇ ಬಿಟ್ಟರೆ ವೇಗವು ಮೆಲ್ಲನೆ ತಗ್ಗಿತು. ಚರ್ಮದಲ್ಲಿ ಸ್ಪರ್ಶವನ್ನು ಅರಿಯುವ ಅಂಗಗಳಲ್ಲಿ ಈ ತಗ್ಗುವಿಕೆಯು ಇನ್ನೂ ತೀವ್ರ. ಹೊಸ ಬಳೆಯನ್ನು ತೊಟ್ಟ ಗಳಿಗೆಯಲ್ಲಿ ಮಣಿಕಟ್ಟಿಗೆ ತಿಳಿಯುವ ಸ್ಪರ್ಶವು ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗುವುದಕ್ಕೆ ಇದು ಒಂದು ಕಾರಣ.

ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಸಂಶೋಧನೆಗಳಲ್ಲೆಲ್ಲ ಇದಕ್ಕೆ ಮಿಗಿಲಾದುದಿಲ್ಲ. ನೋವು, ಬೆಳಕು, ಸದ್ದು, ಬಿಸಿ, ಇವೆಲ್ಲವೂ ನರದಲ್ಲಿ ಒಂದೇ ಬಗೆಯ ಮಿಡಿತಗಳಾಗಿ ಓಡುತ್ತವೆಂತಲೂ, ಯಾವ ಎಳೆಯಲ್ಲಿ, ಎಷ್ಟು ಬೇಗ ಬೇಗ ಎಂಬುದರಲ್ಲಿಯೇ ಭೇದವೆಲ್ಲ ಅಡಗಿದೆಯೆಂತಲೂ ಇದರಿಂದ ತಿಳಿಯಿತು. ಏಡ್ರಿಯನರಿಗೆ 1932ರಲ್ಲಿ ಶೆರಿಂಗ್ಟನ್ನರೊಡನೆ ನೊಬೆಲ್ ಬಹುಮಾನವು ದೊರೆಯಿತು.

1928ರಲ್ಲಿ ಏಡ್ರಿಯನರೂ ಡೆಟ್ಲೆವ್ ಬ್ರಾಂಕರೂ ಮೊಲದ ಉಸಿರಾಟದ ನರವನ್ನು ಸೂಜಿಗಳಿಂದ ಬಿಡಿಸಿ, ಒಂದೆರಡು ಎಳೆಗಳನ್ನು ಮಾತ್ರ ಉಳಿಸಿ, ಅವುಗಳ ಮಿಡಿತವನ್ನು ಧ್ವನಿವರ್ಧಕಕ್ಕೆ ಜೋಡಿಸಿದರು. ಒಂದೊಂದು ಮಿಡಿತವೂ ಒಂದು ಟಿಕ್ ಎಂಬ ಸದ್ದಾಗಿ ಹೊರಟಿತು. ಅಂದಿನಿಂದ ಈ ಪ್ರಯೋಗಶಾಲೆಗಳಲ್ಲಿ ಕಿವಿಯು ಕಣ್ಣಿಗೆ ಸಮನಾದ ಸಾಧನವಾಯಿತು. ಏಡ್ರಿಯನರು ಒಮ್ಮೆ ನೆಲಗಪ್ಪೆಯೊಂದರ ಕಣ್ಣಿನ ನರಕ್ಕೆ ತಂತಿಗಳನ್ನು ಜೋಡಿಸಿ, ಕತ್ತಲಾದ ಕೋಣೆಯಲ್ಲಿ ಕೆಲಸಮಾಡುತ್ತಿರಲು ಧ್ವನಿವರ್ಧಕವು ಆಗಾಗ್ಗೆ ಸದ್ದುಮಾಡುತ್ತಿತ್ತು. ಕಾರಣವೇನೆಂದು ತಿಳಿಯದೆ ಅವರು ಕಳವಳಗೊಂಡರು. ತಾವು ಅತ್ತಿತ್ತ ನಡೆದಾಡಿದಾಗಲೆಲ್ಲ ಸದ್ದಾಗುವುದನ್ನು ಕಂಡ ಮೇಲೆ, ಕಪ್ಪೆಯ ಕಣ್ಣು ತಮ್ಮನ್ನೇ ನೋಡುತ್ತ ತಮ್ಮ ಚಲನೆಯನ್ನು ವರದಿಮಾಡುತ್ತಿದೆಯೆಂಬುದು ಅವರಿಗೆ ಹೊಳೆಯಿತು.

ಎಳೆಗಳನ್ನು ಬಿಡಿಸುವ ಉಪಾಯವು ನರಕ್ಕೆ ಸರಿ. ಮಿದುಳಿಗೆ ಅದು ನಡೆಯದು. ಅಲ್ಲಿ ಕೋಶಗಳನ್ನು ಕೊಯ್ದು ತೆಗೆಯುತ್ತ ಹೋದರೆ ಕೇಳಬೇಕಾದ ಮಾತೇ ಇಲ್ಲವಾಗುವುದು. ಆದುದರಿಂದ ಸಂತೆಯನ್ನು ಖಾಲಿಮಾಡುವ ಬದಲು ಕಿವಿಯನ್ನೇ ಹತ್ತಿರಕ್ಕೆ ಒಯ್ಯಬೇಕಾಯಿತು. ಡೇವಿಡ್ ಹ್ಯೂಬೆಲ್ ಎಂಬವರು 1957ರಲ್ಲಿ ಟಂಗ್‌ಸ್ಟನ್ ಎಂಬ ಗಡುಸಾದ ಲೋಹದ ಸೂಜಿಯನ್ನು ವರ್ಣಿಸಿದರು. ತಂತಿಯನ್ನು ರಾಸಾಯನಿಕ ದ್ರವದಲ್ಲಿ ಅದ್ದಿ ವಿದ್ಯುತ್ತನ್ನು ಹರಿಸಿದರೆ ತುದಿಯು ಕರಗುತ್ತ ಕಣ್ಣಿಗೆ ಕಾಣದಷ್ಟು ಚೂಪಾಗುವುದು. ಬಳಿಕ ತುದಿಯೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ವಿದ್ಯುತ್ತು ಹಾಯದ ಮೆರುಗೆಣ್ಣೆಯಂತಹ ಲೇಪವನ್ನು ಕೊಡುವರು. ಬತ್ತಲೆಯಾದ ಆ ತುದಿಯು ಮಾತ್ರ ಆಲಿಸುವುದು. ಒಂದು ಕೋಶಕ್ಕೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಸಮೀಪಕ್ಕೆ ತುದಿಯು ಹೋದರೆ ಆ ಕೋಶದ ಮಿಡಿತವು ಉಳಿದವುಗಳಿಗಿಂತ ಎತ್ತರವಾಗಿ ಕಾಣುವುದು.

ಈ ಸೂಜಿಯಿಂದ ಹೊರಟ ಸಂಜ್ಞೆಯು ಯಾವ ಯಾವ ಯಂತ್ರಗಳನ್ನು ದಾಟಿ ಬರುವುದೆಂಬುದನ್ನು ಈಗ ನೋಡೋಣ. ಮೊದಲನೆಯದು ಸೂಜಿಯ ಹತ್ತಿರವೇ ಇರುವ ಒಂದು ಸಣ್ಣ ಪೆಟ್ಟಿಗೆ. ಸೂಜಿಯ ತುದಿಯು ಅತಿ ಸಣ್ಣದಾದುದರಿಂದ ಅದರ ಮೂಲಕ ಬರುವ ವಿದ್ಯುತ್ತಿನ ಹರಿವೂ ಅತ್ಯಲ್ಪ. ಸಣ್ಣ ಸೆಲೆಯಿಂದ ದೊಡ್ಡ ಕೊಡದಲ್ಲಿ ಮೊಗೆದರೆ ಸೆಲೆಯೇ ಬತ್ತುವಂತೆ, ಹೆಚ್ಚು ಹರಿವನ್ನು ಬೇಡುವ ಯಂತ್ರವನ್ನು ನೇರವಾಗಿ ಜೋಡಿಸಿದರೆ ಸಂಜ್ಞೆಯೇ ಕುಸಿಯುವುದು. ಈ ಪೆಟ್ಟಿಗೆಯು ಏನನ್ನೂ ಬೇಡದೆ ಸಂಜ್ಞೆಯ ಏರಿಳಿತವನ್ನು ನೋಡಿ, ತನ್ನ ಸ್ವಂತ ಬಲದಿಂದ ಅದನ್ನೇ ಮುಂದಕ್ಕೆ ಹೇಳುವುದು.

ಎರಡನೆಯದು ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಆಂಪ್ಲಿಫಯರ್. ಗೋಡೆಯ ಒಳಗೆ ಹರಿಯುವ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿ ಇಳಿದು, ತನ್ನ ಗುಂಯ್‌ಗುಟ್ಟುವಿಕೆಯನ್ನು ಪ್ರತಿಯೊಂದು ತಂತಿಗೂ ಅಂಟಿಸುವುದು. ಇದರ ಮುಂದೆ ನರದ ಮಿಡಿತವು ತೀರ ಕ್ಷುದ್ರ. ಕೇಂಬ್ರಿಜಿನ ಬ್ರಯನ್ ಮ್ಯಾಥ್ಯೂಸರು 1934ರಲ್ಲಿ ತೋರಿಸಿದ ಉಪಾಯದಂತೆ ಎರಡು ತಂತಿಗಳನ್ನು ಇಟ್ಟು ಅವುಗಳ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡರೆ, ಎರಡಕ್ಕೂ ಸಮನಾಗಿ ಬಂದ ಗದ್ದಲವು ಕಳೆದುಹೋಗುವುದು. ತಕ್ಕಡಿಯ ಎರಡು ತಟ್ಟೆಗಳಿಗೂ ಸಮನಾದ ಭಾರವನ್ನು ಹಾಕಿದರೆ ಮುಳ್ಳು ಅಲುಗುವುದುಂಟೇ?

ಮೂರನೆಯದು ಫಿಲ್ಟರ್. ಮಿಡಿತವು ಕ್ಷಣಿಕವಾದುದರಿಂದ ಅದರ ಶಕ್ತಿಯು ಹೆಚ್ಚಾಗಿ ಸೆಕೆಂಡಿಗೆ 300ರಿಂದ ಕೆಲವು ಸಾವಿರ ಕಂಪನಗಳ ನಡುವೆ ಇರುವುದು. ಅದಕ್ಕಿಂತ ನಿಧಾನವಾದವುಗಳು ಸಾವಿರಾರು ಕೋಶಗಳು ಒಟ್ಟಾಗಿ ಎಬ್ಬಿಸುವ ಅಲೆಗಳು, ಎದೆಯ ಬಡಿತ, ಉಸಿರಿನ ಅಲುಗಾಟ. ವೇಗವಾದವುಗಳು ಯಂತ್ರದ್ದೇ ಆದ ಸಿಳ್ಳು. ಎರಡನ್ನೂ ಫಿಲ್ಟರು ಹೊರಗಿಡುವುದು.

ಇಷ್ಟಾದ ಮೇಲೂ ಪರದೆಯ ಮೇಲೆ ಕಾಣುವ ಗೆರೆಯಲ್ಲಿ ದೊಡ್ಡ ಮಿಡಿತಗಳೂ ಚಿಕ್ಕ ಮಿಡಿತಗಳೂ ಬೆರೆತಿರುವವು. ಈಗ ಬರುವ ಯಂತ್ರವೇ ಈ ಲೇಖನದ ಮುಖ್ಯ ವಿಷಯ. ಇದನ್ನು ವಿಂಡೋ ಡಿಸ್ಕ್ರಿಮಿನೇಟರ್ ಎನ್ನುವರು; ಕಿಟಕಿಯ ಮೂಲಕ ಆರಿಸುವ ಯಂತ್ರವೆಂದು ಹೇಳಬಹುದು. ಇದರ ಕೆಲಸವನ್ನು ತಿಳಿಯಲು ನಮ್ಮ ಹೆಣ್ಣುಮಕ್ಕಳಿಗೆ ದೂರ ಹೋಗಬೇಕಾಗಿಲ್ಲ. ಅಕ್ಕಿಯನ್ನು ಹಸನುಮಾಡುವಾಗ ಸಣ್ಣ ಕಣ್ಣಿನ ಜರಡಿಯಿಂದ ನುಚ್ಚನ್ನೂ ಧೂಳನ್ನೂ ಇಳಿಸುವೆವು. ದೊಡ್ಡ ಕಣ್ಣಿನ ಜರಡಿಯಿಂದ ಕಲ್ಲನ್ನೂ ಹೆಂಟೆಯನ್ನೂ ಮೇಲೆ ನಿಲ್ಲಿಸುವೆವು. ನಡುವೆ ಉಳಿದುದು ಅಕ್ಕಿ. ಹಾಗೆಯೇ ಈ ಯಂತ್ರದಲ್ಲಿ ಎರಡು ಗಡಿಗಳಿವೆ. ಕೆಳಗಿನ ಗಡಿಯನ್ನು ಮುಟ್ಟದ ಮಿಡಿತವು ನುಚ್ಚು, ಮೇಲಿನ ಗಡಿಯನ್ನು ದಾಟಿದುದು ಬೇರೊಂದು ಕೋಶದ್ದು. ಕೆಳಗಿನದನ್ನು ದಾಟಿ ಮೇಲಿನದನ್ನು ದಾಟದೆ ಹಿಂದಿರುಗಿದ ಮಿಡಿತಕ್ಕೆ ಮಾತ್ರ ಯಂತ್ರವು ಒಂದು ಅಚ್ಚುಕಟ್ಟಾದ ಸಂಜ್ಞೆಯನ್ನು ಹೊರಡಿಸುವುದು. ಗಡಿಯನ್ನು ಎಲ್ಲಿಡಬೇಕೆಂಬುದನ್ನು ಸಂಶೋಧಕನು ಒಂದು ಗುಂಡಿಯನ್ನು ತಿರುಗಿಸಿ, ಪರದೆಯನ್ನು ನೋಡುತ್ತ, ಕಿವಿಯಿಂದ ಕೇಳುತ್ತ ತಾನೇ ಗೊತ್ತುಮಾಡಬೇಕು. ಕೈಪಳಗದವನು ಗಡಿಯನ್ನು ತಗ್ಗಿಸಿಟ್ಟರೆ ಇಲ್ಲದ ಮಿಡಿತಗಳು ಲೆಕ್ಕಕ್ಕೆ ಬರುವವು, ಎತ್ತರಿಸಿಟ್ಟರೆ ಇದ್ದವು ತಪ್ಪಿಹೋಗುವವು.

ಗಡಿಯನ್ನು ಗುರುತಿಸುವ ಇಂತಹ ಕೆಲಸಕ್ಕೆ ಒದಗುವ ವಿದ್ಯುನ್ಮಂಡಲವೊಂದರ ಹುಟ್ಟೂ ಸ್ವಾರಸ್ಯವಾದುದು. ಅಮೆರಿಕದ ಆಟೊ ಸ್ಮಿಟ್ ಎಂಬವರು 1934ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ಕಲ್ಪಿಸಿ, 1938ರಲ್ಲಿ ಪ್ರಕಟಿಸಿದರು. ಸ್ಕ್ವಿಡ್ ಎಂಬ ಕಡಲಪ್ರಾಣಿಯ ನರವು ಹೇಗೆ ಒಂದು ಮಟ್ಟವನ್ನು ಮುಟ್ಟಿದೊಡನೆ ಪೂರ್ಣವಾಗಿ ಮಿಡಿಯುವುದೋ ಅದನ್ನೇ ವಾಲ್ವುಗಳಿಂದ ಅನುಕರಿಸಲು ಹೊರಟಾಗ ಅದು ಅವರಿಗೆ ಹೊಳೆಯಿತು. ಸ್ಮಿಟ್ ಟ್ರಿಗರ್ ಎಂಬ ಆ ಮಂಡಲವು ಇಂದು ಎಷ್ಟೋ ಬಗೆಯ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಬಳಕೆಯಲ್ಲಿದೆ.

ಎತ್ತರವೊಂದನ್ನೇ ನೋಡಿದರೆ ಸಾಲದು. ಅಕ್ಕಿಯಷ್ಟೇ ಗಾತ್ರದ ಕಲ್ಲು ಜರಡಿಯನ್ನು ದಾಟಿ ಹಲ್ಲಿಗೆ ಸಿಕ್ಕುವುದನ್ನು ಎಲ್ಲರೂ ಅನುಭವಿಸಿರುವೆವು. ಆಗ ಗಾತ್ರವನ್ನು ಬಿಟ್ಟು ಆಕಾರವನ್ನು ನೋಡಬೇಕು. ಕೆಲವು ಕೋಶಗಳ ಮಿಡಿತವು ಚೂಪಾಗಿ ಎದ್ದು ಬೇಗನೆ ಇಳಿಯುವುದು, ಕೆಲವುಗಳದು ಅಗಲವಾಗಿರುವುದು. ಆದುದರಿಂದ ಮುಂದಿನ ಯಂತ್ರಗಳಲ್ಲಿ ಎತ್ತರದ ಕಿಟಕಿಯೊಡನೆ ಕಾಲದ ಕಿಟಕಿಯನ್ನೂ ಸೇರಿಸಿದರು. ಮಿಡಿತವು ಮೊದಲ ಗಡಿಯನ್ನು ದಾಟಿದ ಇಷ್ಟು ಹೊತ್ತಿಗೆ ಸರಿಯಾಗಿ ಎರಡನೆಯ ಕಿಟಕಿಯನ್ನೂ ಹಾಯ್ದರೆ ಮಾತ್ರ ಒಪ್ಪಿಗೆ. 1964ರಲ್ಲಿ ಗರ್ಸ್ಟೈನ್ ಮತ್ತು ಕ್ಲಾರ್ಕ್ ಎಂಬವರು ಕಂಪ್ಯೂಟರಿನಿಂದಲೇ ಆಕಾರಗಳನ್ನು ಹೋಲಿಸಿ, ಒಂದು ಸೂಜಿಯಲ್ಲಿ ಬೆರೆತ ಹಲವು ಕೋಶಗಳ ಮಿಡಿತಗಳನ್ನು ಬೇರ್ಪಡಿಸಿ ತೋರಿಸಿದರು.

ಹೀಗೆ ಆರಿಸಿದುದು ನಿಜವಾಗಿ ಒಂದೇ ಕೋಶದ್ದೆಂಬುದಕ್ಕೆ ಪರೀಕ್ಷೆಯೇನೆಂದು ಕೇಳಬಹುದು. ಪರೀಕ್ಷೆಯನ್ನು ಪ್ರಕೃತಿಯೇ ಒದಗಿಸಿದೆ. ಒಂದು ಕೋಶವು ಒಮ್ಮೆ ಮಿಡಿದ ಬಳಿಕ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಕಾಲ ಮತ್ತೆ ಮಿಡಿಯಲಾರದು. ನಮ್ಮ ಪಟ್ಟಿಯಲ್ಲಿ ಅದಕ್ಕಿಂತ ಹತ್ತಿರಹತ್ತಿರವಾಗಿ ಬಂದ ಮಿಡಿತಗಳು ಕಂಡರೆ, ಒಂದೆಂದು ನಾವು ತಿಳಿದುದು ಎರಡಾಗಿದೆಯೆಂದು ಅರ್ಥ. ಎರಡು ಕೋಶಗಳ ಮಾತನ್ನು ಒಂದರದೆಂದು ಬರೆದಿಟ್ಟರೆ, ಅದರ ಮೇಲೆ ಕಟ್ಟಿದ ಸಿದ್ಧಾಂತವೆಲ್ಲ ಸುಳ್ಳಾಗುವ ಸಂಭವವುಂಟು.

ಯಂತ್ರಗಳ ವಿವರಣೆಯಿಂದ ವಾಚಕರಿಗೆ ಬೇಸರವಾಗಿದ್ದರೆ ಅವುಗಳ ಫಲವನ್ನು ಈಗ ಕೇಳಲಿ. 1958ರಲ್ಲಿ ಹ್ಯೂಬೆಲರೂ ಟಾರ್ಸ್ಟನ್ ವೀಸೆಲರೂ ಬಾಲ್ಟಿಮೋರಿನಲ್ಲಿ, ಅರಿವಳಿಕೆ ಕೊಟ್ಟ ಬೆಕ್ಕಿನ ಮಿದುಳಿನಲ್ಲಿ ಕಾಣುವ ಶಕ್ತಿಗೆ ಸೇರಿದ ಭಾಗದ ಒಂದು ಕೋಶವನ್ನು ಆಲಿಸುತ್ತಿದ್ದರು. ಗಾಜಿನ ಪಟ್ಟಿಯ ಮೇಲಿನ ಕಪ್ಪು ಚುಕ್ಕೆಯನ್ನು ಬಹಳ ಹೊತ್ತು ತೋರಿಸಿದರೂ ಕೋಶವು ಸುಮ್ಮನಿತ್ತು. ಗಾಜನ್ನು ಯಂತ್ರದೊಳಕ್ಕೆ ಸೇರಿಸುವಾಗ ಧ್ವನಿವರ್ಧಕವು ಹಠಾತ್ತಾಗಿ ಮೆಷಿನ್‌ಗನ್ನಿನಂತೆ ಸಿಡಿಯಿತು. ಕೋಶವು ಬೇಡುತ್ತಿದ್ದುದು ಚುಕ್ಕೆಯನ್ನಲ್ಲ. ಗಾಜಿನ ಅಂಚಿನ ನೆರಳು ಒಂದು ನಿರ್ದಿಷ್ಟ ಓರೆಯಲ್ಲಿ ಚಲಿಸುವುದನ್ನು. ಅವರಿಬ್ಬರೂ 1981ರ ನೊಬೆಲ್ ಬಹುಮಾನದಲ್ಲಿ ಪಾಲುಪಡೆದರು. ಇಂತಹ ಪ್ರಯೋಗಗಳಲ್ಲಿ ಮೂಕಪ್ರಾಣಿಗಳಿಗೆ ಆಗುವ ಹಿಂಸೆಯನ್ನು ನೆನೆದು ಮನಸ್ಸು ನೋಯುವವರು ನಮ್ಮಲ್ಲಿ ಇರುವರು. ಆ ನೋವು ಅಸಂಗತವೆಂದು ನಾವು ಹೇಳಲಾರೆವು. ಇಂದು ನಮ್ಮ ದೇಶದಲ್ಲಿಯೂ ಸಮಿತಿಯ ಒಪ್ಪಿಗೆಯಿಲ್ಲದೆ ಇಂತಹ ಪ್ರಯೋಗವನ್ನು ಮಾಡಲಾಗದು.

ಎರಡು ಕಿವಿಗಳಿರುವುದರಿಂದ ಸದ್ದು ಎತ್ತಲಿಂದ ಬಂದಿತೆಂದು ನಮಗೆ ತಿಳಿಯುವುದಷ್ಟೆ. ಈ ಯುಕ್ತಿಯನ್ನು ಮ್ಯಾಕ್‌ನಾಟನ್, ಓ'ಕೀಫ್ ಮತ್ತು ಕ್ಯಾರಲ್ ಬಾರ್ನ್ಸ್ ಎಂಬ ಮಹಿಳೆ 1983ರಲ್ಲಿ ಬಳಸಿ, ಎರಡು ತಂತಿಗಳನ್ನು ಹೆಣೆದು ಆಲಿಸಿದರು. 1993ರ ವೇಳೆಗೆ ತಂತಿಗಳು ನಾಲ್ಕಾದವು. ಒಂದೊಂದು ಕೋಶವೂ ನಾಲ್ಕು ತಂತಿಗಳಿಂದ ಬೇರೆಬೇರೆ ದೂರದಲ್ಲಿರುವುದರಿಂದ, ನಾಲ್ಕರಲ್ಲಿ ಕಾಣುವ ಎತ್ತರಗಳ ಪ್ರಮಾಣವೇ ಅದರ ಗುರುತಾಗುವುದು. ನಾರ್ವೆಯ ಹಳ್ಳಿಯ ಹೊಲಮನೆಯಲ್ಲಿ ಬೆಳೆದ ಮೇ-ಬ್ರಿಟ್ ಮೋಸರ್ ಎಂಬಾಕೆಯೂ ಆಕೆಯ ಜೊತೆಗಾರರೂ ಇಂತಹ ತಂತಿಗಳಿಂದಲೇ ಇಲಿಯ ಮಿದುಳಿನಲ್ಲಿ ಸ್ಥಳವನ್ನು ಷಟ್ಕೋನಗಳ ಬಲೆಯಾಗಿ ಅಳೆಯುವ ಕೋಶಗಳನ್ನು 2005ರಲ್ಲಿ ವರ್ಣಿಸಿದರು. ಆಕೆಗೆ 2014ರಲ್ಲಿ ನೊಬೆಲ್ ಬಹುಮಾನವು ಸಂದಿತು. 2017ರಲ್ಲಿ ಪ್ರಕಟವಾದ ನ್ಯೂರೋಪಿಕ್ಸೆಲ್ಸ್ ಎಂಬ ಸಿಲಿಕಾನಿನ ಕಡ್ಡಿಯು ಕೂದಲಿನಷ್ಟು ಸಣ್ಣದು. ಅದರ ಮೇಲೆ 960 ಆಲಿಸುವ ಚುಕ್ಕೆಗಳಿದ್ದು, ಒಂದೇ ವೇಳೆಗೆ 384ರಿಂದ ಕೇಳಬಹುದು. ಇಷ್ಟು ಮಾತುಗಳನ್ನು ಗುಂಡಿ ತಿರುಗಿಸಿ ಬೇರ್ಪಡಿಸುವುದು ಮನುಷ್ಯನಿಗೆ ಅಸಾಧ್ಯವಾದುದರಿಂದ ಆ ಕೆಲಸವನ್ನು ಈಗ ಕಂಪ್ಯೂಟರುಗಳು ವಹಿಸಿಕೊಂಡಿವೆ.

ರೋಗಿಗಳಿಗೆ ಇದರಿಂದ ಬಂದ ಪ್ರಯೋಜನವೂ ಅಲ್ಪವಲ್ಲ. ಪಾರ್ಕಿನ್ಸನ್ ರೋಗದಿಂದ ಕೈಕಾಲು ನಡುಗುವವರಿಗೆ ಮಿದುಳಿನ ಆಳದಲ್ಲಿ, ಕಾಳಿನಷ್ಟು ಸಣ್ಣ ಭಾಗವೊಂದಕ್ಕೆ ವಿದ್ಯುತ್ತಿನ ತಂತಿಯನ್ನು ಇಡುವ ಚಿಕಿತ್ಸೆಯಿದೆ. ಬೆಂಗಳೂರಿನಲ್ಲಿಯೂ ಇದು ನಡೆಯುತ್ತದೆ. ಆ ಸ್ಥಳವನ್ನು ಸೇರಿದೆವೋ ಇಲ್ಲವೋ ಎಂಬುದನ್ನು ತಿಳಿಯಲು ವೈದ್ಯರು ಅನೇಕ ವೇಳೆ ಸೂಜಿಯನ್ನು ಇಳಿಸುತ್ತ ಕೋಶಗಳ ಸದ್ದನ್ನು ಆಲಿಸುವರು.

ಇನ್ನೂ ಒಂದು ಸಂಗತಿಯನ್ನು ಹೇಳಬೇಕು. ಮಿದುಳಿನ ಬುಡಕ್ಕೆ ರಕ್ತವು ನಿಂತು, ಸುಮಾರು ಹದಿನೈದು ವರ್ಷಗಳಿಂದ ಕೈಕಾಲು ಆಡದೆ, ಮಾತನ್ನೂ ಆಡಲಾರದೆ ಇದ್ದ ಅಮೆರಿಕದ ಮಹಿಳೆಯೊಬ್ಬರ ಮಿದುಳಿನ ಮೇಲ್ಪದರದಲ್ಲಿ, ಕೈಯನ್ನು ಆಡಿಸುವ ಭಾಗಕ್ಕೆ, 96 ಮುಳ್ಳುಗಳಿಂದ ಆಲಿಸುವ ಚಿಕ್ಕ ಫಲಕವನ್ನು ನೆಟ್ಟಿದ್ದರು. ತಾನು ಕೈಯನ್ನು ಚಾಚುತ್ತಿರುವೆನೆಂದು ಆಕೆ ಸಂಕಲ್ಪಿಸಿದಾಗ ಅಲ್ಲಿ ಮಿಡಿದ ಕೋಶಗಳ ಸಂಜ್ಞೆಯನ್ನು ಕಂಪ್ಯೂಟರು ಓದಿ ಒಂದು ಯಂತ್ರದ ತೋಳಿಗೆ ಅಪ್ಪಣೆಮಾಡಿತು. 2011ರ ಏಪ್ರಿಲ್ ತಿಂಗಳಲ್ಲಿ ಆಕೆ ಆ ತೋಳಿನಿಂದ ಕಾಫಿಯ ಸೀಸೆಯನ್ನು ಹಿಡಿದು, ಬಾಯಿಗೆ ತಂದು, ಕೊಳವೆಯಿಂದ ಕುಡಿದು, ಮತ್ತೆ ಮೇಜಿನ ಮೇಲೆ ಇಟ್ಟರು. ಈ ವೃತ್ತಾಂತವು 2012ರಲ್ಲಿ ಪ್ರಕಟವಾಯಿತು. ಫಲಕವನ್ನು ನೆಟ್ಟು ಆಗ ಐದು ವರ್ಷಗಳು ಕಳೆದಿದ್ದವು.

ಮುಳ್ಳುಗಳ ಸುತ್ತ ಕಾಲಕ್ರಮದಲ್ಲಿ ಗಾಯದ ಕಲೆಯಂತಹ ಪದರವು ಬೆಳೆದು ಸಂಜ್ಞೆಯು ಕುಂದುವುದುಂಟು. ಆಗ ಒಂದೊಂದು ಕೋಶವನ್ನೂ ಬೇರ್ಪಡಿಸುವುದು ಕಷ್ಟವಾಗುವುದು. ತೋಳನ್ನು ನಡೆಸುವ ಕೆಲಸಕ್ಕೆ ಮಾತ್ರವಾದರೆ, ಕೋಶಗಳನ್ನು ಪೂರ್ಣವಾಗಿ ಬೇರ್ಪಡಿಸದೆ, ಕೆಳಗಿನ ಗಡಿಯನ್ನು ದಾಟಿದ ಮಿಡಿತಗಳನ್ನೆಲ್ಲ ಎಣಿಸಿದರೂ ಬಹುಮಟ್ಟಿಗೆ ಸಾಕೆಂದು ಈಚಿನ ವರ್ಷಗಳಲ್ಲಿ ಕಂಡುಬಂದಿದೆ; ಅಂದರೆ ಆ ಕೆಲಸಕ್ಕೆ ಎರಡು ಜರಡಿಗಳಲ್ಲಿ ಒಂದು ಸಾಕು. ಮಿದುಳು ಹೇಗೆ ಯೋಚಿಸುವುದೆಂದು ತಿಳಿಯಬೇಕೆನ್ನುವವರಿಗೆ ಮಾತ್ರ ಎರಡೂ ಬೇಕಾಗಿವೆ.